ಬರೆದವರು, ಬರೆಸಿದವರು

ಇಪ್ಪತ್ತಮೂರು ಬಿಸ್ಕತ್ತಿನ ಡಬ್ಬಿಗಳು ಒಂದೇ ಸಲಕ್ಕೆ ಮನೆ ಹೊಕ್ಕರೆ ಯಾವ ಅತ್ತೆ ತಾನೇ ಸುಮ್ಮನಿದ್ದಾರು?

“ಇಷ್ಟೂ ಬಿಸ್ಕತ್ತು ಯಾರು ತಿನ್ನೋದಮ್ಮ? ನನಗಿರೋದು ನಾಲ್ಕೇ ನಾಲ್ಕು ಹಲ್ಲು.”

“ಬಿಸ್ಕತ್ತಲ್ಲ ಅತ್ತೆ, ಕಾರ್ಡು.”

“ಇಸ್ಪೀಟಾ?”

“ಅಲ್ಲ. ನಾನು ಬರೆದಿಟ್ಟಿರೋವು. ಯೂನಿವರ್ಸಿಟಿ ಕೋಣೆ ಖಾಲಿ ಮಾಡಬೇಕಲ್ಲ, ಅದಕ್ಕೆ ತಂದೆ.”

ಅತ್ತೆ ಒಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ, ನಿಜವಾಗಿಯೂ ಬಿಸ್ಕತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಹೋದರು. ಟ್ಯಾಕ್ಸಿಯವನೂ ಗಂಡನೂ ಸೇರಿ ಡಬ್ಬಿಗಳನ್ನು ಊಟದ ಮೇಜಿನ ಮೇಲೆ, ಕೆಳಗೆ, ಕುರ್ಚಿಗಳ ಮೇಲೆ ಪೇರಿಸಿದರು. ಮೂರು ಕೋಣೆಯ ಮನೆ ಅದು, ನಾಲ್ಕು ಜನಕ್ಕೇ ಇಕ್ಕಟ್ಟು. ಗಂಡ ಎಲ್ಲವನ್ನೂ ಅಂಚಿಗೆ ಅಂಚು ಸೇರಿಸಿ ನೇರ ಮಾಡಿ, ಕೈ ಒರೆಸಿಕೊಂಡು ಕೆಲಸಕ್ಕೆ ಹೊರಟ. ಅಂಚೆ ವಿಂಗಡಣೆ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಕಾಗದಗಳನ್ನು ಗೂಡುಗೂಡಿಗೆ ಹಾಕುತ್ತ ಬಂದವನು; ವಸ್ತುವೊಂದು ಸೊಟ್ಟಗೆ ಕೂತಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಬೀದಿಯವರು ಸೊಸೆಯನ್ನು ಪ್ರೊಫೆಸರಮ್ಮ ಎಂದೇ ಕರೆಯುತ್ತಿದ್ದರು. ಏನು ಕಲಿಸುತ್ತಾಳೆ ಎಂದು ಕೇಳಿದರೆ ಅರ್ಧ ಬೀದಿ ಸ್ಪ್ಯಾನಿಷ್ ಎನ್ನುತ್ತಿತ್ತು, ಉಳಿದರ್ಧ ಏನೋ ಹೊರಗಿನ ಭಾಷೆ ಎನ್ನುತ್ತಿತ್ತು. ಬ್ರೆಡ್ಡಿನ ಅಂಗಡಿಯವನು ಮಾತ್ರ ಅವಳು ಗಣಿತದವಳೆಂದು ಹದಿನೈದು ವರ್ಷದಿಂದ ನಂಬಿದ್ದ. ಅವಳೂ ತಿದ್ದಲು ಹೋಗಿರಲಿಲ್ಲ.

ಇನ್ನು ತಿದ್ದುವ ಅಗತ್ಯವೂ ಇರಲಿಲ್ಲ. ಹಿಂದಿನ ತಿಂಗಳ ಸಭೆಯಲ್ಲಿ ರಿಜಿಸ್ಟ್ರಾರ್ ನೀರು ಕುಡಿದಷ್ಟು ಸುಲಭವಾಗಿ ಹೇಳಿ ಮುಗಿಸಿದ್ದ: ಸ್ಪ್ಯಾನಿಷ್ ವಿಭಾಗಕ್ಕೆ ಈ ವರ್ಷ ಸೇರಿದವರು ಆರೇ ಜನ, ಆ ಆರು ಜನರ ಪರೀಕ್ಷೆ ಮುಗಿದ ಮೇಲೆ ವಿಭಾಗ ಇರುವುದಿಲ್ಲ, ಮೇಡಂ ಬೇಕಿದ್ದರೆ ಭಾಷಾ ಕೌಶಲ ಕೇಂದ್ರದಲ್ಲಿ ‘ಎಂಟು ವಾರದಲ್ಲಿ ಮಾತಾಡಿ’ ಕೋರ್ಸು ನಡೆಸಬಹುದು. ಹೋಟೆಲಿನಲ್ಲಿ ಕೋಣೆ ಕೇಳುವುದು, ಆಸ್ಪತ್ರೆಯಲ್ಲಿ ನೋವು ಎಲ್ಲಿ ಎಂದು ಕೇಳುವುದು, ಅಷ್ಟೇ. ಅವಳು “ಸರಿ” ಎಂದಿದ್ದಳು. ಸಿಟ್ಟು ಬರಬಹುದೆಂದು ದಾರಿಯುದ್ದಕ್ಕೂ ಕಾದಳು. ಬರಲಿಲ್ಲ. ಮನೆಗೆ ಬಂದು ಆಲೂಗಡ್ಡೆ ಸುಲಿದಳು. ಮರಗಟ್ಟಿದ ಕಾಲಿನ ಮೇಲೆ ನಿಂತ ಹಾಗಿತ್ತು. ನೆಲ ಇದೆ ಎಂದು ಗೊತ್ತು, ತಗಲುತ್ತಿರಲಿಲ್ಲ.

ಆ ಭಾಷೆಗೆ ಅವಳು ಬಂದದ್ದು ಪ್ರೀತಿಯಿಂದಲ್ಲ, ಕಾಲು ನೋವಿನಿಂದ. ಹತ್ತೊಂಬತ್ತರ ವಯಸ್ಸಿನಲ್ಲಿ ರಸಾಯನಶಾಸ್ತ್ರಕ್ಕೆ ಹೆಸರು ಹಚ್ಚಲು ಹೋದಾಗ ಸಾಲು ಗೇಟಿನಾಚೆಯವರೆಗೆ ಬೆಳೆದಿತ್ತು. ಪಕ್ಕದ ಕಿಟಕಿಯಲ್ಲಿ ಒಬ್ಬ ಮುದಿ ಮೇಷ್ಟ್ರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು, ಎದುರಿಗೆ ನರಪಿಳ್ಳೆಯೂ ಇರಲಿಲ್ಲ. “ಕೂತ್ಕೊಳ್ಳೋಕೆ ಕುರ್ಚಿ ಇದೆ ಬಾಮ್ಮ” ಎಂದರು. ಕೂತಳು. ಮೂವತ್ತಾರು ವರ್ಷ ಕೂತೇ ಬಿಟ್ಟಳು. ನಾಲ್ಕು ಜನರ ತರಗತಿಯಲ್ಲಿ ಮೊದಲಿಗಳಾದಳು, ವಿದ್ಯಾರ್ಥಿವೇತನ ಸಿಕ್ಕಿ ಕಡಲಾಚೆಯ ಒಂದು ಹಳೆಯ ದಾಖಲೆ ಭಂಡಾರಕ್ಕೆ ಹದಿನಾಲ್ಕು ತಿಂಗಳು ಹೋದಳು. ಹಡಗುಗಳ ಸರಕಿನ ಪಟ್ಟಿ ಹುಡುಕುತ್ತಿದ್ದವಳ ಕೈಗೆ ಅಲ್ಲಿ ಒಂದು ಕಾಗದದ ಕಟ್ಟು ಸಿಕ್ಕಿತು. ನಾನೂರು ವರ್ಷದ ಹಿಂದೆ ಹೊಸ ನೆಲಕ್ಕೆ ಹೋದ ಗಂಡಂದಿರು ಊರಲ್ಲಿದ್ದ ಹೆಂಡಿರಿಗೆ ಕಳಿಸಿದ ಪತ್ರಗಳು. ಚಮ್ಮಾರರು, ಬಡಗಿಗಳು, ನಾವಿಕರು. ಅವರಲ್ಲಿ ಬಹುಪಾಲು ಜನಕ್ಕೆ ಅಕ್ಷರ ಬಾರದು. ಬರಹಗಾರನಿಗೆ ಹೇಳಿ ಬರೆಸಿದ್ದು.

ಅಲ್ಲಿಂದಾಚೆ ಅವಳ ವಿದ್ವತ್ತೆಂದರೆ ಇದೊಂದೇ. ಭಂಡಾರದಲ್ಲಿ ಫೋಟೋ ತೆಗೆಯಲು ಬಿಡುತ್ತಿರಲಿಲ್ಲ, ಶಾಯಿ ಒಳಗೆ ತರುವಂತಿರಲಿಲ್ಲ. ಹಾಗಾಗಿ ಪ್ರತಿ ಪತ್ರವನ್ನೂ ಪೆನ್ಸಿಲಿನಲ್ಲಿ ಕಾರ್ಡಿಗೆ ಇಳಿಸಿದಳು. ಮೇಲೆ ಮೂರು ಸಾಲು: ಬರೆದವರು, ಬರೆಸಿದವರು, ಊರಿನ ಸಮೇತ ಯಾರಿಗೆ. ಬರಹಗಾರರು ಸಹಿ ಹಾಕುತ್ತಿರಲಿಲ್ಲ, ಹಾಗಾಗಿ ಮೊದಲ ಸಾಲು ಖಾಲಿಯೇ. ಮೂಲೆಯಲ್ಲಿ ಬರಹಗಾರನ ಕೈಬರಹದ ಒಂದೆರಡು ಅಕ್ಷರಗಳ ನಕಲು. ಆಮೇಲೂ ಮೂರು ಸಲ ಹೋಗಿಬಂದಳು, ಸ್ವಂತ ರಜೆಯಲ್ಲಿ, ಒಂಬತ್ತು ವರ್ಷ ತಾತ್ಕಾಲಿಕ ನೌಕರಿಯಲ್ಲಿದ್ದಾಗಲೂ. ಕಾರ್ಡುಗಳನ್ನು ಜೋಡಿಸಿದ್ದು ಊರಿನ ಪ್ರಕಾರವೂ ಅಲ್ಲ, ವರ್ಷದ ಪ್ರಕಾರವೂ ಅಲ್ಲ, ಕೈಬರಹದ ಪ್ರಕಾರ. ಸಹಿ ಹಾಕದ ಆ ಬರಹಗಾರರನ್ನು ಅಕ್ಷರ ನೋಡಿ ಒಬ್ಬೊಬ್ಬರನ್ನಾಗಿ ಹಿಡಿದು ಹೆಸರಿಟ್ಟಿದ್ದಳು: ಆತುರಗಾರ, ವಾಲುವವನು, ಬಾಲದವನು. ಬಾಲದವನ ಗುಂಪಿನಲ್ಲಿ ನಲವತ್ತೊಂದು ಗಂಡಂದಿರಿದ್ದರು. ನಲವತ್ತೊಂದು ಜನವೂ ಹೆಂಡತಿಗೆ ಒಂದೇ ಮಾತು ಹೇಳಿದ್ದರು: ನೀನಿಲ್ಲದೆ ತಿಂದ ರೊಟ್ಟಿ ಬೂದಿಯಂತಿದೆ. ಅವಳ ಪ್ರಬಂಧದ ತೀರ್ಮಾನ ಅದೇ. ಈ ಪತ್ರಗಳಲ್ಲಿರುವ ಒಲವು ಬರಹಗಾರನ ಸಿದ್ಧ ಸರಕು, ಗಂಡಂದಿರದ್ದಲ್ಲ. ದೊಡ್ಡ ದೊಡ್ಡವರು ಭೇಷ್ ಎಂದಿದ್ದರು.

ಕಾರ್ಡುಗಳಿಗೆ ಸಂಖ್ಯೆ ಹಾಕಿರಲಿಲ್ಲ. ಹೊಸ ಕಾರ್ಡು ಬಂದಂತೆಲ್ಲ ನಡುವೆ ಸೇರಿಸಬೇಕಲ್ಲ. ಡಬ್ಬಿಯೊಳಗಿನ ಕ್ರಮವೇ ಅವಳ ಮೂವತ್ತು ವರ್ಷದ ಕೆಲಸ. ಇದನ್ನು ಮನೆಯಲ್ಲಿ ಯಾರಿಗೂ ಅವಳು ಬಿಡಿಸಿ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಡಬ್ಬಿಗಳು ಮನೆಗೆ ಬಂದ ವಾರವೇ ಕಡಲಾಚೆಯಿಂದ ಓಲೆ ಬಂತು. ಅದೇ ಭಂಡಾರದ್ದು. ಆ ಪತ್ರಗಳ ಸಂಗ್ರಹಕ್ಕೆ ಎರಡು ವರ್ಷದ ಸಂಶೋಧಕರ ಹುದ್ದೆ ಇದೆ; ತಮ್ಮ ಕೆಲಸ ಬಲ್ಲೆವು; ಬರಹಗಾರವಾರು ಪೂರ್ಣ ಪಟ್ಟಿಯನ್ನು ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿದರೆ ಹುದ್ದೆ ತಮ್ಮದು.

ರಾತ್ರಿ ಊಟಕ್ಕೆ ಎಲ್ಲರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಅವಳು ವಿಷಯ ಹೇಳಿದಳು.

“ಎರಡು ವರ್ಷ?” ಅತ್ತೆಯ ಚಮಚ ನಿಂತಿತು. “ನನ್ನ ಮಾತ್ರೆ ಕೊಡೋರು ಯಾರು?”

“ನಾನು ಕೊಡ್ತೀನಿ ಅಜ್ಜಿ,” ಎಂದಳು ಮಗಳು.

“ನೀನು ಕೊಟ್ರೆ ಬೆಳಗಿನದ್ದು ಸಂಜೆ, ಸಂಜೇದು ಮಾರನೇ ದಿನ. ಎರಡೇ ದಿನಕ್ಕೆ ನನ್ನ ಕಥೆ ಮುಗೀತು.”

“ಅಮ್ಮ, ನೀನು ಹೋಗು. ಕಣ್ಣು ಮುಚ್ಚಿಕೊಂಡು ಹೋಗು.”

“ಹೋಗಲಿ, ಬೇಡ ಅಂದೋರು ಯಾರು?” ಅತ್ತೆ ಮಗನ ಕಡೆ ತಿರುಗಿದರು. “ನೀನೇನಂತೀಯೋ? ಬಾಯಿಗೆ ಬೀಗ ಹಾಕ್ಕೊಂಡಿದೀಯಲ್ಲ.”

ಗಂಡ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿದ. “ಕೆಲಸ ಬಂದಿದೆ. ಹೋಗಬೇಕು,” ಎಂದ. ಎದ್ದು ಎಲ್ಲರ ತಟ್ಟೆಯನ್ನೂ ತೆಗೆದುಕೊಂಡು ಹೋಗಿ ತೊಳೆದ. ಆ ಮನುಷ್ಯ ದಿನಕ್ಕೆ ಸಾವಿರಾರು ಜನರ ಕಾಗದ ಮುಟ್ಟುತ್ತಿದ್ದ, ತಾನು ಮಾತ್ರ ಯಾರಿಗೂ ಒಂದು ಸಾಲು ಬರೆದವನಲ್ಲ. ಹೇಳುವುದೂ ಅಷ್ಟಕ್ಕಷ್ಟೇ.

ಪ್ರೊಫೆಸರಮ್ಮನ ಎದೆಯಲ್ಲಿ ಎಷ್ಟೋ ದಿನದ ಮೇಲೆ ಏನೋ ಸ್ವಲ್ಪ ಅಲುಗಿತು. ಬೇಕು ಅನ್ನಿಸಿತು. ಬೇರೇನೂ ಬೇಡ, ಆ ಉದ್ದನೆಯ ಮೇಜು, ಆ ಪೆನ್ಸಿಲು, ಇನ್ನು ಎರಡು ವರ್ಷ.

ಮರುದಿನದಿಂದ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಬೆಳಿಗ್ಗೆ ಪಾಠ, ಮಧ್ಯಾಹ್ನ ಮನೆಗೆ ಬಂದು ಮೇಜಿನ ಮುಂದೆ. ಕಾರ್ಡು ತೆಗೆಯುವುದು, ಪಟ್ಟಿಗೆ ಸೇರಿಸುವುದು, ಇದ್ದಲ್ಲಿಗೇ ವಾಪಸ್ಸು ಇಡುವುದು. ಕನ್ನಡಕದ ಒಂದು ಕಡೆ ಸಡಿಲವಾಗಿತ್ತು, ಬಗ್ಗಿದಾಗಲೆಲ್ಲ ಮೂಗಿನ ತುದಿಗೆ ಜಾರುತ್ತಿತ್ತು. ಮಣಿಕಟ್ಟಿನಿಂದ ಮೇಲೆ ತಳ್ಳಿಕೊಳ್ಳುತ್ತಿದ್ದಳು.

“ಅದನ್ನ ಸರಿ ಮಾಡಿಸಬಾರದಾ?” ಎಂದಳು ಮಗಳು.

“ನಾಳೆ.”

“ಹೋದ ವಾರಾನೂ ನಾಳೆ ಅಂದಿದ್ದೆ.”

ಮಗಳು ಬಟ್ಟೆ ಒಗೆಯುವ ಯಂತ್ರಗಳ ಕಂಪನಿಯೊಂದರ ದೂರು ವಿಭಾಗದಲ್ಲಿದ್ದಳು. ದಿನಕ್ಕೆ ಅರವತ್ತು ದೂರುಗಳಿಗೆ ಉತ್ತರ. ಉತ್ತರಕ್ಕೆ ಬೇಕಾದ ನಲವತ್ತು ವಾಕ್ಯಗಳನ್ನು ಕಂಪನಿಯೇ ಸಂಖ್ಯೆ ಹಾಕಿ ಕೊಟ್ಟಿತ್ತು. ಆರಿಸಿ ಪೋಣಿಸುವುದಷ್ಟೇ ಅವಳ ಕೆಲಸ. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ “ಇವತ್ತು ಏಳನೇದು ಮೂವತ್ತು ಸಲ” ಎಂದು ನಿಟ್ಟುಸಿರಿಡುತ್ತಿದ್ದಳು. ಏಳನೆಯದೆಂದರೆ ‘ತಮಗಾದ ತೊಂದರೆಗೆ ಮನಃಪೂರ್ವಕವಾಗಿ ವಿಷಾದಿಸುತ್ತೇವೆ’.

ಮೂರನೆಯ ವಾರ ಅತ್ತೆಯ ತಾಳ್ಮೆಯ ಕಟ್ಟೆ ಒಡೆಯಿತು. ಸೂಪಿನ ಬಟ್ಟಲು ಮಡಿಲಿಗೆ ಮಗುಚಿಕೊಂಡಿತ್ತು.

“ಈ ಮನೆಗೆ ಬಂದಾಗಿನಿಂದ ಹೀಗೆ ಬಟ್ಟಲು ತೊಡೆ ಮೇಲಿಟ್ಕೊಂಡು ಉಂಡೋಳಲ್ಲ ನಾನು! ಸತ್ತುಹೋದವರ ಕಾಗದಕ್ಕೆ ಮೇಜು, ಬದುಕಿರೋಳಿಗೆ ಮಡಿಲಾ?”

“ಇನ್ನು ಎರಡು ವಾರ ಅತ್ತೆ.”

“ಎಲ್ಲಿಗೆ ಬಂತು? ಎಷ್ಟಾಗಿದೆ?”

“ಹದಿನಾಲ್ಕು ಡಬ್ಬಿ ಮುಗಿಸಿರ್ತೀನಿ ಅಂದ್ಕೊಂಡಿದ್ದೆ. ಒಂಬತ್ತೇ ಆಗಿರೋದು.”

ಅತ್ತೆ ಸೊಸೆಯರ ನಡುವೆ ಗಂಡ ಬಗ್ಗಿ ನೆಲ ಒರೆಸುತ್ತಿದ್ದ. ಒಂಬತ್ತು ಎಂದದ್ದು ಅವನ ಕಿವಿಗೆ ಬಿತ್ತು.

ಆ ಶನಿವಾರ ಭಾನುವಾರ ಅವಳಿಗೆ ಯೂನಿವರ್ಸಿಟಿಯಲ್ಲಿ ಕೆಲಸವಿತ್ತು. ಕೊನೆಯ ಆರು ಜನರ ಕೊನೆಯ ಪರೀಕ್ಷೆ, ಉತ್ತರಪತ್ರಿಕೆಗಳ ತಿದ್ದುಪಡಿ, ವಿಭಾಗದ ಬೀಗದ ಕೈ ಒಪ್ಪಿಸುವುದು. ಭಾನುವಾರ ಸಂಜೆ ಐದಕ್ಕೆ ಮನೆಗೆ ಬಂದಾಗ ಊಟದ ಮೇಜು ಬರಿದಾಗಿತ್ತು. ಅದರ ಮೇಲೆ ನಾಲ್ಕು ತಟ್ಟೆ ಹಾಕಿತ್ತು. ಗೋಡೆಗುಂಟ ಡಬ್ಬಿಗಳು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಮೇಲೂ ಅಂಚೆಯವರ ದಪ್ಪ ಅಕ್ಷರದಲ್ಲಿ ಚೀಟಿ. ಗಂಡ ಅವುಗಳ ಪಕ್ಕದಲ್ಲಿ, ಕೆಲಸ ತೋರಿಸಲು ಕಾದ ಹೊಸ ನೌಕರನ ಹಾಗೆ ನಿಂತಿದ್ದ.

“ಎಲ್ಲಾ ಆಯ್ತು,” ಎಂದ. “ಇಪ್ಪತ್ತೆರಡೂ ಡಬ್ಬಿ. ಎರಡು ದಿನ ಹಿಡೀತು.”

“ಏನಾಯ್ತು?”

“ವಿಂಗಡಣೆ. ಒಂದೊಂದು ಊರಿನ ಕಾಗದ ಹತ್ತು ಡಬ್ಬೀಲಿ ಚೆದುರಿತ್ತು ಕಣೆ. ಯಾರು ಹಾಗೆ ಹಾಕಿದ್ರೋ. ಹಾಗಿದ್ರೆ ನಿನಗೆ ಹೇಗೆ ಮುಗಿಯುತ್ತೆ? ಈಗ ಊರಿನ ಪ್ರಕಾರ, ಊರೊಳಗೆ ಹೆಸರಿನ ಪ್ರಕಾರ ಇದೆ. ಯಾವುದು ಬೇಕಾದರೂ ಕಣ್ಣು ಮುಚ್ಚಿ ತೆಗೀಬಹುದು.” ಒಂದು ಲಕೋಟೆ ಮುಂದೆ ಚಾಚಿದ. “ನಡುನಡುವೆ ಖಾಲಿ ಕಾರ್ಡು ಮೂವತ್ತೇಳಿದ್ವು, ಮೂಲೇಲಿ ಒಂದೆರಡು ಗೀಚು ಬಿಟ್ರೆ ಏನಿಲ್ಲ. ಬಿಸಾಡಿಲ್ಲ, ಬೇರೆ ತೆಗೆದಿಟ್ಟಿದೀನಿ.”

ಆ ಮೂವತ್ತೇಳು ಖಾಲಿ ಕಾರ್ಡುಗಳೇ ಮೂವತ್ತೇಳು ಬರಹಗಾರರು. ಒಬ್ಬೊಬ್ಬನ ಗುಂಪು ಎಲ್ಲಿ ಶುರು ಎಂದು ಹೇಳುತ್ತಿದ್ದ ಗುರುತು. ಅವಳು ಒಂದು ಡಬ್ಬಿ ತೆಗೆದಳು. ಬಾಲದವನ ಪಕ್ಕ ಆತುರಗಾರ, ಅವನ ಪಕ್ಕ ಯಾರೆಂದು ನೋಡದೆ ಹೇಳಲಾಗದ ಇನ್ನೊಬ್ಬ. ಇನ್ನೊಂದು ಡಬ್ಬಿ ತೆಗೆದಳು. ಮತ್ತೊಂದು. ಮೂಲೆಯ ಅಕ್ಷರ ನೋಡಿ ಒಂದೊಂದನ್ನೇ ಮತ್ತೆ ಹೊಂದಿಸಬಹುದು. ಒಂದು ವರ್ಷ ಬೇಕು. ಇದ್ದದ್ದು ಒಂಬತ್ತು ದಿನ.

“ಈ ಕೊನೇ ಡಬ್ಬಿ ಮಾತ್ರ ಮುಟ್ಟಿಲ್ಲ,” ಎಂದ ಗಂಡ. “ಹಳದಿ ಚೀಟಿ ಇದ್ವಲ್ಲ, ಅದರಲ್ಲಿ ಊರಿಲ್ಲ, ಹೆಸರಿಲ್ಲ. ವಿಳಾಸ ಇಲ್ಲದ್ದನ್ನ ನಾವು ಹಂಗೇ ಇಡೋದು, ಕೈ ಹಾಕಲ್ಲ.”

ಅವಳು ಮುಚ್ಚಳಗಳನ್ನು ಮುಚ್ಚಿದಳು. “ಬ್ರೆಡ್ಡು ಬಿಸಿ ಮಾಡಬೇಕಾ?” ಎಂದು ಕೇಳಿದಳು.

ಮೇಜಿನ ಮೇಲೆ ಊಟ ಮಾಡಿದರು. ಅತ್ತೆ ಖುಷಿಯಾಗಿದ್ದರು, ಎರಡು ಸಲ ಬಡಿಸಿಕೊಂಡರು. ಮಗಳು ಮಾತ್ರ ಅಮ್ಮನ ಮುಖ ನೋಡಿ ಊಟದ ಮಧ್ಯದಲ್ಲೇ ಕೇಳಿದಳು: “ಏನಾಯ್ತಮ್ಮ?”

“ಕ್ರಮ ಹೋಯ್ತು,” ಎಂದಳು ಪ್ರೊಫೆಸರಮ್ಮ. ನಾಲ್ಕು ವಾಕ್ಯದಲ್ಲಿ, ತರಗತಿಯಲ್ಲಿ ಹೇಳುವ ಹಾಗೆ, ಆ ಕ್ರಮ ಏನಾಗಿತ್ತೆಂದು ಹೇಳಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ. ಕೇಳುತ್ತ ಕೇಳುತ್ತ ಗಂಡನ ಕೈಯ ಚಮಚ ಬಟ್ಟಲಿನ ಅಂಚಿನ ಮೇಲೆ ಕೂತಿತು, ಮತ್ತೆ ಮೇಲೇಳಲಿಲ್ಲ.

ಅವಳು ಅಳುತ್ತಾಳೆಂದು ಮನೆಯವರು ಮೂರು ದಿನ ಕಾದರು. ಅಳಲಿಲ್ಲ. ಬೈಯುತ್ತಾಳೆಂದು ಗಂಡ ಕಾದ. ಬೈಯಲಿಲ್ಲ. ಬೆಳಿಗ್ಗೆ ಎದ್ದಳು, ಮೊಟ್ಟೆ ಬೇಯಿಸಿದಳು, ಅತ್ತೆಗೆ ಮಾತ್ರೆ ಕೊಟ್ಟಳು, ಕೌಶಲ ಕೇಂದ್ರಕ್ಕೆ ಹೋಗಿ ‘ನೋವು ಎಲ್ಲಿ’ ಎಂದು ಕಲಿಸಿಬಂದಳು. ಗಂಡನ ಅಂಗಿಗಳಿಗೂ ಇಸ್ತ್ರಿ ಹಾಕಿದಳು. ಸಿಟ್ಟು ಎಲ್ಲಿದೆ ಎಂದು ಒಮ್ಮೊಮ್ಮೆ ಒಳಗೆ ತಡಕಿ ನೋಡಿಕೊಳ್ಳುತ್ತಿದ್ದಳು. ಕೈಗೆ ಏನೂ ಸಿಗುತ್ತಿರಲಿಲ್ಲ. ಭಂಡಾರಕ್ಕೆ ಇದ್ದದ್ದನ್ನು ಇದ್ದ ಹಾಗೆ ಬರೆದು, ಒಂದು ವರ್ಷದ ಅವಕಾಶ ಕೇಳಿದಳು. ಗಡುವು ಮುಗಿದ ನಾಲ್ಕನೇ ದಿನ ಉತ್ತರ ಬಂತು. ಮಗಳು ಬಲವಂತ ಮಾಡಿ ಅದನ್ನು ಬಾಯಲ್ಲಿ ಅನುವಾದ ಮಾಡಿಸಿಕೊಂಡಳು.

“‘ತಮ್ಮ ಆಸಕ್ತಿಗೆ ಆಭಾರಿಗಳು. ನಿಗದಿತ ಅವಧಿಯೊಳಗೆ ಪಟ್ಟಿ ತಲುಪದ ಕಾರಣ ಹುದ್ದೆಯನ್ನು ಇನ್ನೊಬ್ಬರಿಗೆ ನೀಡಲಾಗಿದೆ. ಮುಂದಿನ ದಿನಗಳಲ್ಲಿ ತಮಗೆ ಒಳಿತಾಗಲಿ.’”

“ನಮ್ಮ ಹನ್ನೊಂದು, ಇಪ್ಪತ್ತಾರು, ನಲವತ್ತು,” ಎಂದಳು ಮಗಳು. ಆಮೇಲೆ ತಾನೇ ಅತ್ತಳು.

ಅತ್ತು ಮುಗಿಸಿ ನೇರವಾಗಿ ಅಡುಗೆಮನೆಗೆ ಹೋದಳು. ಅಲ್ಲಿ ಅಪ್ಪ ಪಾತ್ರೆ ತೊಳೆಯುತ್ತಿದ್ದ. ಪ್ರೊಫೆಸರಮ್ಮ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಗೋಡೆ ತೆಳು, ಎಲ್ಲ ಕೇಳಿಸುತ್ತಿತ್ತು.

“ಅಪ್ಪ, ಒಂದು ಮಾತು ಕೇಳ್ತೀನಿ. ಬೇಕೂಂತಲೇ ಮಾಡಿದ್ರಾ?”

ನಲ್ಲಿ ನಿಂತಿತು.

“ಅವಳು ಹೋಗೋದು ನನಗೆ ಇಷ್ಟ ಇರಲಿಲ್ಲ,” ಎಂದ ಗಂಡ. “ಅದು ಬೇರೆ. ಕಾರ್ಡು ಜೋಡಿಸಿದ್ದು ಬೇರೆ. ಬೇಗ ಮುಗೀಲಿ ಅಂತ್ಲೇ ಜೋಡಿಸಿದ್ದು.”

“ಹಾಗಂತ ಅಮ್ಮನಿಗೆ ಹೇಳಿದ್ರಾ?”

“ಏನಂತ ಹೇಳೋದು?”

“ತಪ್ಪಾಯ್ತು ಅನ್ನಿ! ಎರಡು ವಾರದಿಂದ ಪಾತ್ರೆ ತೊಳೀತಿದೀರ, ಕಿಟಕಿ ಒರೆಸ್ತಿದೀರ. ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನು ಕಷ್ಟ?”

“ಬರಲ್ಲ ಕಣೆ,” ಎಂದ ಗಂಡ. “ಎದುರಿಗೆ ನಿಂತ್ರೆ ಏನೂ ಬರಲ್ಲ.” ನಲ್ಲಿ ಮತ್ತೆ ಶುರುವಾಯಿತು.

ಪ್ರೊಫೆಸರಮ್ಮ ಅವನ ಅಂಗಿಯ ತೋಳನ್ನು ಹಿಂದಕ್ಕೆ ಮಡಿಸಿ, ಗುಂಡಿ ಹಾಕಿ, ರಾಶಿಯ ಮೇಲಿಟ್ಟಳು. ಇಷ್ಟವಿರಲಿಲ್ಲ ಎಂದದ್ದಕ್ಕೂ, ಬೇಗ ಮುಗಿಯಲಿ ಎಂದದ್ದಕ್ಕೂ ಏನೂ ಅನ್ನಿಸಲಿಲ್ಲ. ಗೋಡೆಗೆ ಹೇಳಿದ ಹಾಗೆ.

ಮುಂದಿನ ವಾರ ಒಂದು ಮಧ್ಯಾಹ್ನ ಅತ್ತೆಯೂ ಅವಳೂ ಮೇಜಿನ ಮುಂದೆ ಕೂತು ಅವರೆ ಬಿಡಿಸುತ್ತಿದ್ದರು. ಅತ್ತೆ ಗೋಡೆಗುಂಟದ ಡಬ್ಬಿಗಳನ್ನು ನೋಡುತ್ತ ಕೇಳಿದರು: “ಅದರಲ್ಲಿರೋದೆಲ್ಲ ಗಂಡಂದಿರು ಬರೆದಿದ್ದಾ?”

“ಬರೆಸಿದ್ದು. ಬರೆದೋನು ಬೇರೆ. ಎಲ್ಲರಿಗೂ ಅದೇ ಮಾತು ಬರೆದುಕೊಡ್ತಿದ್ದ. ಅದೇ ನನ್ನ ಸಂಶೋಧನೆ, ಆ ಮಾತು ಗಂಡಂದಿರದ್ದಲ್ಲ ಅನ್ನೋದು.”

ಅತ್ತೆ ಬಿದ್ದು ಬಿದ್ದು ನಕ್ಕರು. “ಅಯ್ಯೋ, ಇಷ್ಟು ತಿಳ್ಕೊಳ್ಳೋಕೆ ಅಷ್ಟು ದೂರ ಹೋಗಿದ್ದೆಯಾ? ನನ್ನ ಕೇಳಿದ್ರೆ ಇಲ್ಲೇ ಹೇಳ್ತಿದ್ದೆ.”

“ನಿಮ್ಮನ್ನಾ?”

“ಇವನಪ್ಪ ಬಂದರಲ್ಲಿ ದುಡಿಯೋಕೆ ಅಂತ ಏಳು ವರ್ಷ ಹೊರಗಿದ್ರಲ್ಲ. ತಿಂಗಳಿಗೊಂದು ಕಾಗದ. ಅವರಿಗೂ ಅಕ್ಷರ ಬರದು, ನನಗೂ ಬರದು. ಅಲ್ಲಿ ಅಂಚೆ ಕಚೇರಿ ಮುಂದೆ ಒಬ್ಬ ಕೂತು ಬರೆದುಕೊಡ್ತಿದ್ದನಂತೆ, ಇಲ್ಲಿ ಅಂಚೆಯವನು ಓದಿ ಹೇಳ್ತಿದ್ದ. ‘ನನ್ನ ಪ್ರಾಣವೇ’ ಅಂತ ಶುರು! ಆ ಮನುಷ್ಯ ಹುಟ್ಟಿದ ಮೇಲೆ ನನ್ನನ್ನ ಪ್ರಾಣ ಅಂದಿದ್ದುಂಟಾ? ‘ಏಯ್’ ಅಂತಿದ್ರು. ಪಕ್ಕದ ಮನೆಯವಳ ಗಂಡನೂ ಅಲ್ಲೇ, ಅವಳಿಗೂ ಅದೇ ಪ್ರಾಣ, ಅದೇ ಚಂದ್ರ. ಇಬ್ಬರ ಕಾಗದ ಅದಲು ಬದಲಾದ್ರೂ ಗೊತ್ತಾಗ್ತಿರಲಿಲ್ಲ.”

“ನಿಮಗೆ ಬೇಜಾರಾಗ್ಲಿಲ್ವಾ?”

“ಬೇಜಾರ್ಯಾಕೆ? ವಾರಕ್ಕೊಂದು ರಜೆ ಅವರಿಗೆ. ಆ ರಜೆ ದಿನ ಬಿಸಿಲಲ್ಲಿ ಸಾಲು ನಿಂತು ಬರೆಸ್ತಿದ್ರು. ನಿಂತಿದ್ದು ಯಾರು, ಬರೆದೋನಾ?” ಅತ್ತೆ ಒಂದು ಕಾಯಿ ಬಿಡಿಸಿ, ಹುಳ ಬಿದ್ದ ಕಾಳನ್ನು ತೆಗೆದು ಪಕ್ಕಕ್ಕಿಟ್ಟರು. “ಮತ್ತೆ ಕೊನೇಲಿ ಒಂದು ಮಾತಿರ್ತಿತ್ತು. ಅಂಚೆಯವನೂ ಓದಿ ನಗೋನು. ‘ಕೊಡೆ ಕಡ್ಡಿ ಮುರಿದಿದೆ, ಮಳೆಗೆ ಮೊದಲು ಸರಿ ಮಾಡಿಸ್ಕೋ’ ಅಂತ. ಅದು ಅವರದು. ಪ್ರಾಣ ಬರೆದೋನದ್ದು, ಕೊಡೆ ಅವರದು. ನಾನು ಕೊಡೆ ಬರೋವರೆಗೂ ಕಾಯ್ತಾ ಕೂತಿರ್ತಿದ್ದೆ.”

ಪ್ರೊಫೆಸರಮ್ಮ ಅವರೆ ಬಿಡಿಸಿ ಮುಗಿಸಿದಳು, ಸಿಪ್ಪೆ ಗುಡಿಸಿದಳು, ಅತ್ತೆ ಮಲಗಲು ಹೋದ ಮೇಲೆ ಇಪ್ಪತ್ತಮೂರನೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ತೆಗೆದಳು. ಮುಚ್ಚಳದ ಮೇಲೆ ಅವಳದೇ ಕೈಬರಹದಲ್ಲಿ ‘ಉಳಿಕೆ’ ಎಂದಿತ್ತು. ಬರಹಗಾರನ ಶೈಲಿಗೆ ಹೊಂದದ ಸಾಲುಗಳನ್ನು ಅವಳು ಹಳದಿ ಚೀಟಿಗೆ ಇಳಿಸಿ ಅದರಲ್ಲಿ ಹಾಕುತ್ತ ಬಂದಿದ್ದಳು. ಪ್ರಬಂಧಕ್ಕೆ ಉಪಯೋಗವಿಲ್ಲದವು, ಯಾವ ಊರಿನವನದು ಎಂದು ಬರೆದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ. ಓದಿದಳು. ಕುಂಟುವ ಹೇಸರಗತ್ತೆಯನ್ನು ಮಾರಿಬಿಡು. ಬಾವಿಯ ಹಗ್ಗ ಹಳೆಯದು, ಬಗ್ಗಿ ಸೇದಬೇಡ. ಮಗುವಿನ ಕಿವಿಗೆ ಎಣ್ಣೆ ಬಿಡಬೇಡ. ಬರುವಾಗ ದಪ್ಪ ಕಂಬಳಿ ತಾ, ಹಡಗಿನ ಮೇಲೆ ನಿನಗೆ ಚಳಿ ತಡೆಯದು. ನೂರಾರು ಚೀಟಿಗಳು. ಜಾರಿದ ಕನ್ನಡಕ ಮೇಲೆ ತಳ್ಳಿಕೊಳ್ಳುತ್ತ ಕತ್ತಲಾಗುವವರೆಗೂ ಓದಿದಳು. ಮೂವತ್ತು ವರ್ಷ ತಾನು ತಪ್ಪು ಡಬ್ಬಿಗಳನ್ನು ಕಾದೆನೇನೋ ಎಂಬ ಅನುಮಾನ ಬಂತು. ಅದೂ ನೋಯಲಿಲ್ಲ. ದೀಪ ಹಾಕಿ ಅಡುಗೆಗೆ ಎದ್ದಳು.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅಪ್ಪ ಮಗಳು ಇಬ್ಬರೂ ಮಗಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದರು. ಒಳಗಿನಿಂದ ಗುಸುಗುಸು, ನಡುವೆ ಒಮ್ಮೆ ಮಗಳ ದನಿ: “ಅದನ್ನ ಯಾರಾದ್ರೂ ಹಾಕ್ತಾರಾ ಅಪ್ಪ?” ಆಮೇಲೆ ಅಪ್ಪನ ದನಿ, ಯಾವಾಗಲೂ ಇಲ್ಲದಷ್ಟು ಗಟ್ಟಿಯಾಗಿ: “ಹಾಕು. ನಾನು ಹೇಳಿದ್ದು ಹಾಕು.”

ಹನ್ನೊಂದಕ್ಕೆ ಗಂಡ ತರಕಾರಿ ತರಲು ಹೋದ. ಮಗಳು ಸ್ನಾನಕ್ಕೆ ಹೋದಳು. ಪ್ರೊಫೆಸರಮ್ಮ ಮೇಜು ಒರೆಸಲು ಬಂದಾಗ ಉಳಿಕೆ ಡಬ್ಬಿಯ ಮುಚ್ಚಳದ ಮೇಲೆ ಒಂದು ಬಿಳಿ ಕಾರ್ಡಿತ್ತು, ಅದರ ಮೇಲೆ ಮಡಿಸಿಟ್ಟ ಅವಳ ಕನ್ನಡಕ. ಬೆಳಿಗ್ಗೆಯಿಂದ ಕನ್ನಡಕ ಕಾಣದೆ ಎರಡು ಸಲ ಹುಡುಕಿದ್ದಳು. ಕಾರ್ಡಿನ ಮೇಲೆ ಮಗಳ ದುಂಡು ಅಕ್ಷರ, ಕನ್ನಡಕವಿಲ್ಲದೆಯೂ ಓದುವಷ್ಟು ದಪ್ಪ.

‘ಮಾನ್ಯರೆ, ನಮ್ಮ ಕಡೆಯಿಂದ ತಮಗಾದ ತೊಂದರೆಗೆ ಮನಃಪೂರ್ವಕವಾಗಿ ವಿಷಾದಿಸುತ್ತೇವೆ. ತಮ್ಮ ತಾಳ್ಮೆಗೆ ಸದಾ ಋಣಿ. ಇಂಥ ಲೋಪ ಮರುಕಳಿಸದಂತೆ ಎಚ್ಚರ ವಹಿಸಲಾಗುವುದು. ಹಾಳಾದ ಭಾಗಗಳನ್ನು ನಮ್ಮ ಖರ್ಚಿನಲ್ಲಿ, ಎಷ್ಟೇ ಕಾಲ ಹಿಡಿದರೂ, ಮೊದಲಿನಂತೆ ಜೋಡಿಸಿಕೊಡಲು ಸಿದ್ಧರಿದ್ದೇವೆ.’

ಏಳು, ಒಂಬತ್ತು, ಹದಿನೆಂಟು. ಕೊನೆಯದ್ದರ ಸಂಖ್ಯೆ ಅವಳಿಗೆ ಗೊತ್ತಿರಲಿಲ್ಲ. ನಗು ಬಂದ ಹಾಗಾಯಿತು. ಕಾರ್ಡಿನ ಕೆಳಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಇನ್ನೊಂದು ಸಾಲಿತ್ತು.

‘ಕನ್ನಡಕದ ಎಡಗಡೆ ತಿರುಪು ಸಡಿಲ ಆಗಿತ್ತು. ಬಿಗಿ ಮಾಡಿದೀನಿ.’

ಕನ್ನಡಕ ಹಾಕಿಕೊಂಡಳು. ಬಗ್ಗಿ ಅದೇ ಸಾಲನ್ನು ಮತ್ತೆ ಓದಿದಳು. ಕನ್ನಡಕ ಜಾರಲಿಲ್ಲ. ಇನ್ನೂ ಬಗ್ಗಿದಳು. ಜಾರಲಿಲ್ಲ. ಕಾರ್ಡಿನ ಮೇಲೆ ಒಂದು ಹನಿ ಬಿತ್ತು, ಆಮೇಲೆ ಇನ್ನೊಂದು. ಎಲ್ಲಿಂದ ಬಿತ್ತೆಂದು ಒಂದು ಗಳಿಗೆ ಅವಳಿಗೇ ತಿಳಿಯಲಿಲ್ಲ. ಹುದ್ದೆ ಹೋದದ್ದು, ವಿಭಾಗ ಹೋದದ್ದು, ಮೂವತ್ತು ವರ್ಷದ ಕ್ರಮ ಹೋದದ್ದು, ಎಲ್ಲವೂ ಒಟ್ಟಿಗೆ ಬಂದು ನೋಯತೊಡಗಿತು. ಮರಗಟ್ಟಿದ ಕಾಲಿಗೆ ರಕ್ತ ಇಳಿದ ಹಾಗೆ ಚೆನ್ನಾಗಿಯೇ ನೋಯಿತು. ಅವಳು ಕುರ್ಚಿ ಹಿಡಿದು ನಿಂತೇ ಅತ್ತಳು.

ಬಾಗಿಲ ಬಳಿ ತರಕಾರಿ ಚೀಲ ಇಟ್ಟ ಸದ್ದಾಯಿತು. ಗಂಡ ಹೊಸ್ತಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ.

ಅವಳು ಪೆನ್ಸಿಲು ತೆಗೆದುಕೊಂಡು ಕಾರ್ಡಿನ ತಲೆಯ ಮೇಲೆ ಎಂದಿನಂತೆ ಮೂರು ಸಾಲು ಬರೆದಳು. ಬರೆದವರು: ಮಗಳು. ಬರೆಸಿದವರು: ಗಂಡ. ಯಾರಿಗೆ: ನನಗೆ. ಕಾರ್ಡನ್ನು ಉಳಿಕೆ ಡಬ್ಬಿಯಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟಳು. ಆಮೇಲೆ ಮೂವತ್ತೇಳು ಖಾಲಿ ಕಾರ್ಡುಗಳ ಲಕೋಟೆ ಬಿಚ್ಚಿ ಮೇಜಿನ ಮೇಲೆ ಹರಡಿದಳು.

“ಕೈ ತೊಳ್ಕೊಂಡು ಬನ್ನಿ,” ಎಂದಳು. “ಮೊದಲನೇ ಡಬ್ಬಿ ಇಳಿಸಿ. ಇವನು ಬಾಲದವನು. ಮೂಲೇಲಿ ಈ ಥರ ಬಾಲ ಇರೋದೆಲ್ಲ ಈ ಕಡೆಗೆ.”

ಒಳಗಿನಿಂದ ಅತ್ತೆಯ ದನಿ ಬಂತು: “ಮತ್ತೆ ಮಡಿಲಲ್ಲಿ ಊಟವಾ?”

“ಹೌದು ಅತ್ತೆ,” ಎಂದಳು. “ಒಂದು ವರ್ಷ.”